ಲಾಳಿ ಹಾರಿ ಬಂತು, ಸಾಹೇಬ್ರ

ಸಂಜೆ ಐದು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಮೈಕು ಕೈಗೆ ತೆಗೆದುಕೊಳ್ಳುವ ಮುಂಚೆ ಗಡಿಯಾರ ನೋಡಿಕೊಂಡು, ಏಳಕ್ಕೆ ಡ್ಯೂಟಿ ಮುಗಿಯುತ್ತದೆ, ಇನ್ನೂ ಎರಡು ತಾಸು ಇದೆಯಲ್ಲ ಎಂದು ಬೇಸರಪಟ್ಟುಕೊಂಡಿದ್ದೆ. ಆಮೇಲೆ ಮಾಸ್ಕು ತೆಗೆಯದೆ ಒಂದು ವಾಕ್ಯ ಹೇಳಿದೆ. ಹತ್ತು ಶಬ್ದಗಳ ವಾಕ್ಯ. ಅದರಲ್ಲಿ ಒಂದೇ ಒಂದು ಅಕ್ಷರ ಮಂದಿಗೆ ಬೇರೆಯಾಗಿ ಕೇಳಿಸಿತು. ಆ ಒಂದು ಅಕ್ಷರದಿಂದ ಒಬ್ಬ ಒಳ್ಳೆಯ ಮನುಷ್ಯನ ಕಣ್ಣು ಹೋಗುವುದರಲ್ಲಿತ್ತು.

ಕಳೆದ ವಾರ ಮುಧೋಳದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ಬನಹಟ್ಟಿಯಿಂದ ತಂದ ಹೊಸ ಸೀರೆಯ ಮಡಿಕೆ ಬಿಚ್ಚಿದರು. ಬಣ್ಣ ಹೇಗಿದೆ ಎಂದು ಎಲ್ಲರೂ ನೋಡುತ್ತಿದ್ದರು. ನನಗೆ ಮೊದಲು ಬಂದದ್ದು ಗಂಜಿಯ ವಾಸನೆ. ನೂಲಿಗೆ ಹಾಕಿದ ಗಂಜಿ, ಅದರ ಹಿಂದೆ ಸ್ವಲ್ಪ ಮಗ್ಗದ ಎಣ್ಣೆ. ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟು ಹೊರಗೆ ಬಂದು ನಿಂತೆ. ಹಣೆಯ ಮೇಲೆ ಏನೋ ಹಾರಿ ಬರುತ್ತಿದೆ ಎಂಬಂತೆ ನನ್ನ ಎಡಗೈ ತಾನಾಗಿ ಮೇಲೆದ್ದಿತ್ತು. ಇಷ್ಟು ವರ್ಷಗಳಾದ ಮೇಲೂ ಏಳುತ್ತದೆ.

ಮೊದಲನೇ ಲಾಕ್‌ಡೌನಿನ ವರ್ಷ ನಾನು ಬನಹಟ್ಟಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮದು ರನ್ನ ಬೆಳಗಲಿ ಕಡೆಯ ಮನೆತನ. ಕುರಿ, ಹೊಲ, ಬೀರಪ್ಪನ ಸೇವೆ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಬಿಎಸ್‌ಸಿ, ಬಿಎಡ್ ಮಾಡಿ ಸಂಬಳದ ಕೆಲಸಕ್ಕೆ ಸೇರಿದವಳು ಮನೆಯಲ್ಲಿ ನಾನೇ ಮೊದಲು. ಗಂಡನ ಕೆಲಸ ಬೀಳಗಿ ತಾಲೂಕಿನ ಬಾಡಗಂಡಿ ಹತ್ತಿರ, ಸಕ್ಕರೆ ಕಾರ್ಖಾನೆಯಲ್ಲಿ. ಹಾಗಾಗಿ ಬನಹಟ್ಟಿಯಲ್ಲಿ ನೇಕಾರರ ಓಣಿಯೊಂದರಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ.

ಮನೆಯ ಒಡತಿ ದಾನವ್ವ. ಅರವತ್ತು ದಾಟಿದ ವಿಧವೆ. ಮುಂಭಾಗದ ಪಡಸಾಲೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ, ಹಿಂದೆ ಅಡಿಗೆಮನೆ, ಪಕ್ಕದಲ್ಲಿ ನನ್ನ ಕೋಣೆ. ಮಗ್ಗಗಳಿಗೂ ನನ್ನ ತಲೆದಿಂಬಿಗೂ ನಡುವೆ ಒಂದು ಗೋಡೆ. ಹೊಸದಾಗಿ ಬಂದಾಗ ಆ ಖಟಾಪಟ್ ಖಟಾಪಟ್ ಸದ್ದಿನಲ್ಲಿ ನಿದ್ದೆ ಬಾರದೆ ಅತ್ತಿದ್ದೆ. ದಾನವ್ವ ನಕ್ಕು, "ಆರ ತಿಂಗಳ ತಡಿಯವ್ವ. ಆಮ್ಯಾಲೆ ಇದು ನಿಂತ್ರ ಎಚ್ಚರಾಗ್ತಿ ನೋಡ" ಅಂದಿದ್ದಳು. ಆರು ತಿಂಗಳೂ ಬೇಕಾಗಲಿಲ್ಲ.

ಆ ವರ್ಷ ಮಾರ್ಚಿನಲ್ಲಿ ಊರಿಗೆ ಊರೇ ನಿಂತಿತು. ಮಗ್ಗಗಳು ಬಂದ್. ರಬಕವಿ, ಬನಹಟ್ಟಿ ಎರಡೂ ಕಡೆ ಸದ್ದಿಲ್ಲ. ಹುಟ್ಟಿದಾಗಿನಿಂದ ಆ ಸದ್ದು ಕೇಳಿದವರು ಒಬ್ಬರನ್ನೊಬ್ಬರು ಹೆದರಿದ ಮುಖದಿಂದ ನೋಡುತ್ತಿದ್ದರು. ಮೇ ತಿಂಗಳಲ್ಲಿ ಮದ್ಯದ ಅಂಗಡಿ ಮೊದಲು ತೆರೆದವು, ಕೆಲವು ದಿನ ಬಿಟ್ಟು ಮಗ್ಗಗಳಿಗೆ ಅನುಮತಿ ಸಿಕ್ಕಿತು. ಅಂಗಡಿಯಲ್ಲಿ ಕೂತು ಕುಡಿಯುವಂತಿರಲಿಲ್ಲ, ತೆಗೆದುಕೊಂಡು ಹೋಗಬೇಕಿತ್ತು. ಎಲ್ಲಿಗೆ ಹೋಗುತ್ತಾರೆ? ಮನೆಯಲ್ಲಿ ಹೆಂಡತಿ, ಮಕ್ಕಳು. ಹಾಗಾಗಿ ಬೇವಿನ ಗಿಡದ ಕಟ್ಟೆಗೆ, ಶಾಲೆಯ ಹಿಂದಿನ ಗೋಡೆಗೆ, ಹಾಳುಬಿದ್ದ ಗೋದಾಮಿನ ಮೆಟ್ಟಿಲಿಗೆ ಬರುತ್ತಿದ್ದರು. ಒಂದು ಪಾಕೀಟು ನಾಲ್ಕು ಬಾಯಿ ತಿರುಗುತ್ತಿತ್ತು. ರೋಗ ಹರಡಲು ಅದಕ್ಕಿಂತ ಸುಲಭದ ದಾರಿ ಬೇಕಿರಲಿಲ್ಲ.

ಆ ಗುಂಪುಗಳನ್ನು ಚದುರಿಸಲು ಪೊಲೀಸರ ಜೊತೆ ಶಿಕ್ಷಕರನ್ನೂ ಹಾಕಿದರು. ನಮ್ಮ ಭಾಗಕ್ಕೆ ಬಂದವರು ಹವಾಲ್ದಾರ ಯಮನಪ್ಪ. ಜಮಖಂಡಿ ತಾಲೂಕಿನ ಸಾವಳಗಿಯವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೊದಲ ದಿನವೇ ಅವರು ನನಗೆ ಹೇಳಿದ್ದು, "ನನ್ನ ಹೆಸರಿಗೆ ಅಂಜಬ್ಯಾಡ್ರಿ ಅಕ್ಕೋರ. ಈ ರೋಗ ಬಂದಾಗಿಂದ ಮಂದಿ ನನ್ನ ಕಂಡ ಕೂಡ್ಲೆ 'ಯಮ ಬಂದ' ಅಂತ ಓಡ್ತಾರ. ಅರ್ಧಾ ಕೆಲಸಾ ಹೆಸರ ಮಾಡ್ತೈತಿ."

ಉಳಿದರ್ಧ ಕೆಲಸವನ್ನು ಅವರು ಮಾಡುತ್ತಿದ್ದ ರೀತಿ ನಾನು ಬೇರೆಲ್ಲೂ ನೋಡಿಲ್ಲ. ಕುಡಿಯುತ್ತ ಕೂತವರು ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟಿರುತ್ತಾರೆ. ಇವರನ್ನು ಕಂಡು ಬರಿಗಾಲಿನಲ್ಲಿ ಓಡುತ್ತಾರೆ. ಯಮನಪ್ಪ ಬೆನ್ನಟ್ಟುವುದಿಲ್ಲ. ನಿಧಾನ ಬಂದು, ಲಾಠಿಯ ತುದಿಯಿಂದ ಎಡಗಾಲಿನ ಚಪ್ಪಲಿಗಳನ್ನಷ್ಟೇ ಎತ್ತಿ ಎತ್ತಿ ಗೋಣಿಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬಲಗಾಲಿನವು ಅಲ್ಲೇ. ಮರುದಿನ ಮುಂಜಾನೆ ಅವರು ಶಾಲೆಯ ಗೇಟಿನ ಹತ್ತಿರ ಕೂತಿರುತ್ತಾರೆ. ಒಂಟಿ ಚಪ್ಪಲಿಯವರು ಒಬ್ಬೊಬ್ಬರೇ, ಮಾಸ್ಕು ಹಾಕಿಕೊಂಡು, ಮಾರು ದೂರ ನಿಂತು ಕೇಳಬೇಕು.

"ನಿಂದು ಯಾವ್ದಲೇ?"

"ಆ ಕೆಂಪ ಪಟ್ಟಿದ್ರಿ."

"ಎಷ್ಟ ಮಂದಿ ಇದ್ರಿ ನಿನ್ನೆ?"

"ನಾ ಒಬ್ಬನ ಇದ್ದೆರಿ."

"ಒಬ್ಬನಿಗೆ ಒಂಬತ್ತ ಎಡಗಾಲೇನಲೇ ನಿನಗ?"

ಕ್ಯೂ ನಿಂತವರೆಲ್ಲ ನಗುತ್ತಿದ್ದರು. ನಾಚಿಕೆಗೋ ಏನೋ, ಎರಡು ಸಲ ಚಪ್ಪಲಿ ಕಳೆದುಕೊಂಡವನು ಮೂರನೇ ಸಲ ಕಟ್ಟೆಗೆ ಬರುವುದು ಕಡಿಮೆಯಾಗಿತ್ತು. ಆ ಲಾಠಿಗೆ ನಾನು ಕಂಡ ಕೆಲಸವೆಂದರೆ ಅದೊಂದೇ, ಚಪ್ಪಲಿ ಎತ್ತುವುದು.

ನನ್ನ ಕೆಲಸ ನಗರಸಭೆಯ ಆಟೋದಲ್ಲಿ ಕೂತು ಓಣಿ ಓಣಿ ತಿರುಗುವುದು. ಆಟೋದ ತಲೆಯ ಮೇಲೆ ಧ್ವನಿವರ್ಧಕದ ಭೋಂಗಾ ಕಟ್ಟಿತ್ತು. ರೆಕಾರ್ಡು ಮಾಡಿದ ಪ್ರಕಟಣೆ ತಾನೇ ಕೂಗುತ್ತಿತ್ತು, ನಾನು ಮಾಸ್ಕು ಇಲ್ಲದವರಿಗೆ ಮಾಸ್ಕು ಕೊಡುತ್ತಿದ್ದೆ. ಆ ದಿನ ರೆಕಾರ್ಡು ಕೆಟ್ಟಿತು. ಕಚೇರಿಯಿಂದ ಬಂದ ಕಾಗದ ಹಿಡಿದು ನಾನೇ ಓದಿದೆ. "ಸಾರ್ವಜನಿಕ ಸ್ಥಳಗಳಲ್ಲಿ ಗುಂಪುಗೂಡುವುದು, ಮದ್ಯಪಾನ ಮಾಡುವುದು ಕಂಡುಬಂದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು."

ಯಮನಪ್ಪ ಆಟೋದ ಪಕ್ಕ ನಡೆಯುತ್ತಿದ್ದರು. "ಅಕ್ಕೋರ, ನೀವು ಜರುಗಿಸಲಾಗುವುದು ಅಂದ್ರ ಈ ಮಂದಿ ಜರುಗಂಗಿಲ್ಲ. ಕಾಗದಾ ಇಡ್ರಿ. ಬಾಯಿಲೆ ಹೇಳ್ರಿ, ತಿಳಿಯೂ ಹಂಗ."

ಅದು ಸರಿಯೆನಿಸಿತು. ಓಣಿಯ ಬಾಯಲ್ಲಿ ಆಟೋ ನಿಂತಿತ್ತು. ಗಡಿಯಾರ ನೋಡಿದೆ, ಮೈಕು ಹಿಡಿದು ಹೇಳಿದೆ:

"ಇನ್ನ ಮ್ಯಾಲೆ ಓಣ್ಯಾಗ ಗುಂಪು ಕೂಡಿದ್ರ, ಕುಂತು ಕುಡದ್ರ, ನಾವು ಲಾಠಿ ತಗೀಬೇಕಾಗ್ತೈತಿ."

ಒಂದನೇ ತರಗತಿಯ ಮಕ್ಕಳಿಗೆ ಠ ಕಲಿಸುವಾಗ ಅಂಗೈಯನ್ನು ಬಾಯಿ ಮುಂದೆ ಹಿಡಿಯಿರಿ ಅನ್ನುತ್ತೇನೆ. ಗಾಳಿ ತಾಗಿದರೆ ಠ, ತಾಗದಿದ್ದರೆ ಟ. ಆ ಸಂಜೆ ನನ್ನ ಬಾಯಿಗೆ ಎರಡು ಮಾಸ್ಕು. ಗಾಳಿ ಎಲ್ಲಿಂದ ತಾಗಬೇಕು? ಅದರ ಮೇಲೆ ಹಳೆಯ ಭೋಂಗಾದ ಕರಕರ, ಎರಡೂ ಬದಿ ಮಗ್ಗಗಳ ಸದ್ದು. ಹೊರಗೆ ಹೋಗುವ ಹೊತ್ತಿಗೆ ಠ ಇರಲಿಲ್ಲ, ಟ ಕೂಡ ಇರಲಿಲ್ಲ. ನೇಕಾರರ ಓಣಿಗೆ ಕೇಳಿಸಿದ್ದು ಅವರ ದಿನದ ಬದುಕಿನಲ್ಲಿ ನೂರು ಸಲ ಬರುವ ಶಬ್ದ.

ಲಾಳಿ. ಮಗ್ಗದಲ್ಲಿ ಅಡ್ಡನೂಲನ್ನು ಹೊತ್ತುಕೊಂಡು ಆ ಕಡೆಯಿಂದ ಈ ಕಡೆಗೆ ಓಡುವ, ಗೇಣಿಗಿಂತ ಸ್ವಲ್ಪ ಉದ್ದದ ಕಟ್ಟಿಗೆಯ ತುಂಡು. ಎರಡೂ ತುದಿಗೆ ಉಕ್ಕಿನ ಮೊನೆ. ಅದಿಲ್ಲದಿದ್ದರೆ ಮಗ್ಗ ಬರೀ ಕಬ್ಬಿಣ. ಇನ್ನು "ತಗೀಬೇಕಾಗ್ತೈತಿ" ಎಂಬ ನನ್ನ ಮಾತು. ಲಾಠಿ ತೆಗೆಯುವುದೆಂದರೆ ಹೊರಗೆ ತೆಗೆದು ಬೀಸುವುದು. ಲಾಳಿ ತೆಗೆಯುವುದೆಂದರೆ ಮಗ್ಗದಿಂದ ಕಿತ್ತುಕೊಂಡು ಹೋಗುವುದು. ಓಣಿಯಲ್ಲಿ ಯಾರೋ ಕುಡಿದರೆ ಮನೆಮನೆಯ ಲಾಳಿ ಕಿತ್ತುಕೊಳ್ಳುತ್ತಾರಂತೆ. ಇದು ನಾನು ಮಾಡಿದ ಪ್ರಕಟಣೆ. ಮಗ್ಗ ಮತ್ತೆ ಶುರುವಾಗಿ ಅಂದಿಗೆ ಐದನೇ ದಿನ.

ನನಗೆ ಆಗ ಇದ್ಯಾವುದೂ ಗೊತ್ತಿರಲಿಲ್ಲ. ಆಟೋ ಮುಂದೆ ಹೋಗಿ ಬೇವಿನ ಕಟ್ಟೆಯ ಹತ್ತಿರ ನಿಂತಿತು. ಅಲ್ಲಿ ಕೂತಿದ್ದವರು ಎದ್ದು ಓಡಿದರು. ಅವರಲ್ಲಿ ದಾನವ್ವನ ಅಳಿಯ ಈರಣ್ಣನೂ ಇದ್ದ. ಮಗ್ಗ ರಿಪೇರಿ ಮಾಡುವವನು, ಮೂವತ್ತೈದರ ಆಚೀಚೆ. ಮನೆಯಲ್ಲಿ ನನಗೆ "ನಮಸ್ಕಾರ್ರಿ ಅಕ್ಕೋರ" ಅನ್ನದೆ ಎದುರು ಹಾದವನಲ್ಲ. ಯಮನಪ್ಪ ತಮ್ಮ ಕೆಲಸಕ್ಕೆ ತೊಡಗಿದರು. ಎಡ, ಎಡ, ಎಡ. ಚೀಲ ತುಂಬಿತು. ಲಾಠಿಯನ್ನು ಆಟೋದಲ್ಲಿ ಇಟ್ಟರು.

ಆಗ ಎಡಬದಿಯ ಮಗ್ಗ ಒಂದು ನಿಂತಿತು. ದಾರ ಕಡಿದಿರಬೇಕು ಅಂದುಕೊಂಡೆ. ಇನ್ನೊಂದು ನಿಂತಿತು. ಆಮೇಲೆ ಬಲಗಡೆ ಎರಡು. ಓಣಿಯ ಆ ತುದಿಯಿಂದ ನಾವು ನಿಂತ ಕಡೆಗೆ ಮೌನ ನಡೆದುಕೊಂಡು ಬಂತು. ಅದನ್ನು ಹಾಗೆಯೇ ಹೇಳಬೇಕು, ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಬಾಗಿಲು ಬಾಗಿಲಿನಿಂದ ಮಂದಿ ಹೊರಬಂದರು. ಮಾಸ್ಕು ಇದ್ದವರು, ಇಲ್ಲದವರು, ಹೆಂಗಸರು, ಕೈಯಲ್ಲಿ ನೂಲಿನ ಸುರುಳಿ ಹಿಡಿದವರು. ಐದು ನಿಮಿಷದಲ್ಲಿ ಆಟೋದ ಸುತ್ತ ಹೆಜ್ಜೆ ಇಡಲು ಜಾಗವಿಲ್ಲ. ಗುಂಪು ಕೂಡಬೇಡಿ ಎಂದು ಹೇಳಲು ಬಂದವಳು ನಾನು. ಅಷ್ಟು ದೊಡ್ಡ ಗುಂಪನ್ನು ಆ ಊರಲ್ಲಿ ಆ ತಿಂಗಳು ಬೇರೆ ಯಾರೂ ಕೂಡಿಸಿರಲಿಲ್ಲ.

"ಚೀಲದಾಗ ಏನೈತ್ರಿ ಹವಾಲ್ದಾರ್ರ?" ಒಬ್ಬ ಕೇಳಿದ.

ಯಮನಪ್ಪ ದಿನವೂ ಹೇಳುವ ಮಾತನ್ನೇ ಹೇಳಿದರು. "ನಿಮ್ಮ ಮಾಲೇ ಐತೆಪಾ. ನಾಳೆ ಒಬ್ಬೊಬ್ಬರ ಬಂದು ಒಯ್ರಿ."

"ಕೇಳಿದ್ರಿಲ್ಲೋ! ತಗದ ಬಿಟ್ಟಾರ! ಚೀಲ ತುಂಬ್ಯಾರ!"

ಅವರ ಮುಖದಲ್ಲಿ ಗೊಂದಲ ಕಂಡಿತು. ಎಡಗಾಲಿನ ಚಪ್ಪಲಿಗೆ ಇಷ್ಟು ಮಂದಿ ಯಾಕೆ ಎದ್ದು ಬಂದರು ಎಂಬ ಗೊಂದಲ. "ಎಡಗಾಲಿಂದಷ್ಟ ತಗೊಂಡೇನಲೇ" ಅಂದರು. ಗದ್ದಲದಲ್ಲಿ ಅದನ್ನು ಕೇಳಿದವರಿಲ್ಲ. ಚಾಲಕ ಆಟೋ ಬಿಟ್ಟು ಇಳಿದು ಹೋದ. ಆಟೋ ಅಲುಗಾಡತೊಡಗಿತು. ಯಾರೋ ಹಿಂದಿನಿಂದ ಎತ್ತುತ್ತಿದ್ದರು. ನಾನು ಮೈಕು ಎರಡೂ ಕೈಯಲ್ಲಿ ಹಿಡಿದು ಸೀಟಿನ ಅಂಚಿಗೆ ಕೂತಿದ್ದೆ.

ಅದು ಬರುವುದನ್ನು ನಾನು ನೋಡಿದೆ. ಇಂದಿಗೂ ನೋಡುತ್ತೇನೆ. ಗುಂಪಿನ ಬಲಬದಿಯಲ್ಲಿ ಒಂದು ಕೈ ಮೇಲೆ ಹೋಯಿತು. ಆ ಕೈಯಿಂದ ಕಟ್ಟಿಗೆಯ ತುಂಡೊಂದು ಹೊರಟು, ಸಂಜೆಯ ಬಿಸಿಲಿನಲ್ಲಿ ಅದರ ಉಕ್ಕಿನ ಮೊನೆ ಒಮ್ಮೆ ಮಿಂಚಿತು. ಬಾಲದಂತೆ ಬಿಳಿ ನೂಲು ಹಿಂದೆ ಬಿಚ್ಚುತ್ತ ಬಂತು. ನೇರ ನನ್ನ ಕಡೆಗೆ. ನಾನು ಅಲುಗಲಿಲ್ಲ. ಯಮನಪ್ಪ ಒಂದು ಹೆಜ್ಜೆ ಅಡ್ಡ ಬಂದರು, ಅಷ್ಟೇ. ಅಂಥ ದೊಡ್ಡದೇನೂ ಅಲ್ಲ, ಮಳೆ ಹನಿಯಿಂದ ಯಾರನ್ನೋ ಮರೆಮಾಡುವ ಹಾಗೆ. ಠಣ್ ಎಂದೇನೂ ಸದ್ದಾಗಲಿಲ್ಲ. ಅವರು "ಅವ್ವಾ" ಅಂದು ಕೂತರು. ಎಡಗಣ್ಣಿನ ಮೇಲೆ ಒತ್ತಿದ ಬೆರಳುಗಳ ಸಂದಿಯಿಂದ ರಕ್ತ ಇಳಿಯಿತು.

ಮುಂದಿನವರು ಹಿಂದೆ ಸರಿದರು. ಹಿಂದಿನವರು ಏನೂ ಕಾಣದೆ ಮುಂದೆ ತಳ್ಳಿದರು. ಇನ್ನೂ ಒಂದು ಕ್ಷಣ ಹಾಗೇ ಆಗಿದ್ದರೆ ನಾವಿಬ್ಬರೂ ಕಾಲಡಿ ಸಿಗುತ್ತಿದ್ದೆವು. ಆಗ ದಾನವ್ವ ಬಂದಳು. ಹೇಗೆ ದಾರಿ ಮಾಡಿಕೊಂಡಳೋ, ಬೆರಳಿಗೆ ಸುತ್ತಿದ್ದ ನೂಲು ಇನ್ನೂ ಬಿಚ್ಚಿರಲಿಲ್ಲ. ಕೆಳಗೆ ಬಿದ್ದಿದ್ದ ಚೀಲವನ್ನು ಎತ್ತಿ ಬೋರಲು ಹಾಕಿ ಝಾಡಿಸಿದಳು.

ಹದಿನಾಲ್ಕು ಚಪ್ಪಲಿ ಬಿದ್ದವು. ಎಲ್ಲ ಎಡಗಾಲಿನವು.

"ಎಲ್ಲೈತಿ ಲಾಳಿ? ಹುಡುಕ್ರಿ! ನಿಮ್ಮ ನಿಮ್ಮ ಲಾಳಿ ಮೂಸಿ ನೋಡಿ ಒಯ್ರಿ!"

ಗುಂಪು ತಣ್ಣಗಾಯಿತು. ದಾನವ್ವ ನನ್ನ ಕಡೆ ತಿರುಗಿದಳು. "ಅಕ್ಕೋರ, ಅಲ್ಲೇ ಕುಂತ ಬಾಯಿ ಮ್ಯಾಲಿಂದು ಕೆಳಗ ಮಾಡು. ಏನಂದಿ ಆಗಳೆ? ಇನ್ನೊಮ್ಮೆ ಅನ್ನು."

ಮಾಸ್ಕು ಕೆಳಗೆ ಮಾಡಿದೆ. "ಲಾಠಿ" ಅಂದೆ. ಅಭ್ಯಾಸಬಲದಿಂದ ಅಂಗೈ ಬಾಯಿಯ ಮುಂದೆ ಹೋಗಿತ್ತು. ಗಾಳಿ ತಾಗಿತು.

ದಾನವ್ವ ಆಟೋದೊಳಗಿನ ಲಾಠಿಯನ್ನು ಒಂದು ಕೈಯಲ್ಲಿ, ನೆಲದ ಮೇಲಿದ್ದ ಲಾಳಿಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದಳು. "ಇದು ಲಾಠಿ. ಇದು ಲಾಳಿ. ಅಕ್ಕೋರು ಇದನ್ನ ಅಂದಾರ. ನೀವು ಇದನ್ನ ಕೇಳೀರಿ. ಈಗ ಆ ಮನಿಷಾನ ಕಣ್ಣ ಯಾರ ಕೊಡ್ತೀರಿ?"

ಒಬ್ಬೊಬ್ಬರೇ ಮನೆಯೊಳಗೆ ಸರಿದರು. ದಾನವ್ವ ಮಗ್ಗದಲ್ಲಿದ್ದ ಬಟ್ಟೆಯನ್ನೇ ಕತ್ತರಿಸಿ ತಂದು ಯಮನಪ್ಪನವರ ಹುಬ್ಬಿಗೆ ಒತ್ತಿ ಹಿಡಿದಳು. ಕೈಯಲ್ಲಿದ್ದ ಲಾಳಿಯನ್ನು ಆಕೆ ಇನ್ನೊಮ್ಮೆ ನೋಡಿದ್ದನ್ನು ನಾನು ಕಂಡೆ. ಪ್ರತಿ ಮನೆಯ ಲಾಳಿಗೂ ಅದರದೇ ಗುರುತು ಇರುತ್ತದೆ. ಅದರ ಬದಿಗೆ ಇದ್ದದ್ದು ಅವಳದೇ ಮನೆಯ ಹಸಿರು ಬಣ್ಣದ ಗೀಟು. ನಾನು ಅದನ್ನು ಎಸೆದ ಕೈಯ ಒಡೆಯನನ್ನೂ ನೋಡಿದ್ದೆ. ಈರಣ್ಣ.

ಸ್ವಲ್ಪ ಹೊತ್ತಿಗೆ ಜೀಪು ಬಂತು. ಇಳಿದ ಅಧಿಕಾರಿ ಮೈಸೂರು ಕಡೆಯವರು, ಊರಿಗೆ ಹೊಸಬರು. "ಯಾರು ಹೊಡೆದಿದ್ದು? ಹೆಸರು ಹೇಳಿ. ಒಬ್ಬರನ್ನೂ ಬಿಡಲ್ಲ."

ಡ್ಯೂಟಿಯಲ್ಲಿದ್ದ ಪೊಲೀಸರ ಮೇಲೆ ಕೈ ಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಈರಣ್ಣನ ಜೊತೆ ಓಣಿಯ ಅರ್ಧ ಗಂಡಸರು ಜೈಲಿಗೆ, ಮಗ್ಗಗಳಿಗೆ ಮತ್ತೆ ಬೀಗ. ದಾನವ್ವ ಬಟ್ಟೆ ಒತ್ತಿ ಹಿಡಿದೇ ಇದ್ದಳು. ಲಾಳಿ ಅವಳ ಸೆರಗಿನ ಕೆಳಗಿತ್ತು.

ಯಮನಪ್ಪ ಬಲಗಣ್ಣಿನಿಂದ ಆಕೆಯನ್ನು ನೋಡಿದರು, ನನ್ನನ್ನು ನೋಡಿದರು. "ಲಾಳಿ ಹಾರಿ ಬಂತು, ಸಾಹೇಬ್ರ" ಅಂದರು.

"ಹಾರಿ ಬರುತ್ತಾ?"

"ಬರ್ತೈತ್ರಿ. ಮಗ್ಗದಾಗಿಂದ ಎಷ್ಟೋ ಸಲ ಬಾಗಲಕ್ಕ ಹಾರಿ ಬರ್ತೈತಿ. ಈ ಊರಾಗ ಬಾಗಲದಾಗ ನಿಂದರೂದ ತಪ್ಪು."

ಅಧಿಕಾರಿ ನನ್ನ ಕಡೆ ತಿರುಗಿದರು. "ಮೇಡಂ, ನೀವು ನೋಡಿದ್ರಾ?"

"ಹೌದ್ರಿ. ಹಾರಿ ಬಂತು" ಅಂದೆ.

ಸುಳ್ಳಲ್ಲ. ಹಾರಿ ಬಂದದ್ದು ಖರೆ. ಯಾರು ಹಾರಿಸಿದರೆಂಬ ಪ್ರಶ್ನೆ ಅಲ್ಲಿಗೆ ಸತ್ತಿತು. ಹೇಳಿಕೆಯ ಕಾಗದಕ್ಕೆ ಸಹಿ ಹಾಕುವ ಮುನ್ನ, ನನ್ನ ಪ್ರಕಟಣೆ ತಪ್ಪಾಗಿ ಕೇಳಿಸಿ ಮಂದಿ ಕೂಡಿದರು, ಅದರ ಹೊಣೆ ನನ್ನದು ಎಂದು ಬರೆದೆ. ಯಮನಪ್ಪ ಅದನ್ನು ಓದಿ, "ಎರಡ ಮಾಸ್ಕಿನ ಹೊಣಿ ಅಂತ ಬರೀಬೇಕಿತ್ತ್ರಿ" ಅಂದರು. ಚಪ್ಪಲಿಗಳನ್ನು ಮತ್ತೆ ಚೀಲಕ್ಕೆ ತುಂಬಿಸಿಕೊಂಡೇ ಅವರು ಜೀಪು ಹತ್ತಿದರು; ಜಮಖಂಡಿಗೆ, ಆಸ್ಪತ್ರೆಗೆ ಕರೆದೊಯ್ದರು. ಕಣ್ಣು ಉಳಿಯುತ್ತದೋ ಇಲ್ಲವೋ ಅಂದು ಯಾರೂ ಹೇಳಲಿಲ್ಲ.

ಮೂರನೇ ದಿನ ಆ ಗುಂಪಿನಲ್ಲಿದ್ದ ಒಬ್ಬ ಮುದುಕನಿಗೆ ರೋಗ ಇದೆಯೆಂದು ಗೊತ್ತಾಯಿತು. ಓಣಿಯ ಎರಡೂ ತುದಿಗೆ ಬಿದಿರು ಕಟ್ಟಿ ಸೀಲ್‌ಡೌನ್ ಮಾಡಿದರು. ಮಗ್ಗ ಮತ್ತೆ ನಿಂತವು. ನಾನೂ ನನ್ನ ಕೋಣೆಯೊಳಗೆ ಸೇರಿಕೊಂಡೆ. ಬಾಡಗಂಡಿಯಿಂದ ಗಂಡ ಮೋಟಾರ್ ಸೈಕಲ್ ಮೇಲೆ ಬಂದು ಬಿದಿರಿನಾಚೆ ನಿಂತು ಫೋನಿನಲ್ಲಿ ಮಾತಾಡಿ ಹೋದ. "ಏನೂ ಆಗಂಗಿಲ್ಲ, ಅಂಜಬ್ಯಾಡ" ಅಂದ. ಅವನ ದನಿಯೇ ಅಂಜಿತ್ತು.

ಆ ದಿನಗಳಲ್ಲಿ ನಾನು ನಿದ್ದೆ ಮಾಡಲಿಲ್ಲ ಎಂದರೆ ಅದು ಮಾತಿಗೆ ಹೇಳಿದ್ದಲ್ಲ. ಕಣ್ಣು ಮುಚ್ಚಿದರೆ ಆ ಕೈ ಮೇಲೇಳುತ್ತಿತ್ತು. ಮೊನೆ ಮಿಂಚುತ್ತಿತ್ತು. ನೂಲು ಬಿಚ್ಚಿಕೊಳ್ಳುತ್ತಿತ್ತು. ಅಡ್ಡ ಬರುವವರು ಕನಸಿನಲ್ಲಿ ಕೆಲವೊಮ್ಮೆ ತಡವಾಗಿ ಬರುತ್ತಿದ್ದರು. ಎಚ್ಚೆತ್ತು ಗೋಡೆಗೆ ಕಿವಿ ಇಡುತ್ತಿದ್ದೆ. ಗೋಡೆಯಾಚೆ ಏನೂ ಇಲ್ಲ. ಓಣಿಯಲ್ಲಿ ಯಾರಾದರೂ ಕೆಮ್ಮಿದರೆ ಎಣಿಸುತ್ತಿದ್ದೆ. ಒಂದನೇ ಮನೆ, ನಾಲ್ಕನೇ ಮನೆ. ನನ್ನ ಒಂದು ಅಕ್ಷರದಿಂದ ಹೊರಬಂದವರು ಅವರೆಲ್ಲ.

ದಾನವ್ವ ದಿನಕ್ಕೆರಡು ಸಲ ಕಿಟಕಿಯ ಹೊರಗೆ ತಾಟು ಇಟ್ಟು ಹಿಂದೆ ಸರಿಯುತ್ತಿದ್ದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಆಕೆ ನನಗೆ ಒಂದು ಕೆಟ್ಟ ಮಾತು ಅಂದಿದ್ದರೆ ತಡೆದುಕೊಳ್ಳಬಹುದಿತ್ತು.

"ಆಯಿ, ನನ್ನಿಂದ ಓಣಿಗೆ ಹಿಂಗಾತು" ಅಂದೆ ಒಂದು ದಿನ.

"ನಿನ್ನಿಂದ ಅಲ್ಲ ಬಿಡವ್ವ. ನಮ್ಮ ಕಿವ್ಯಾಗ ಲಾಳಿ ಬಿಟ್ರ ಬ್ಯಾರೆ ಏನೂ ಹೊಗಂಗಿಲ್ಲ. ನೀ 'ಲಾಡು' ಅಂದಿದ್ರೂ ಲಾಳಿನ ಕೇಳಿಸ್ತಿತ್ತು." ಹೊರಟವಳು ತಿರುಗಿ, "ನೀ ಆವತ್ತು ಹೆಸರ ಹೇಳಲಿಲ್ಲ. ಅದನ್ನ ನಾ ಸಾಯೂತನಕ ಇಟ್ಕೋತೇನಿ" ಅಂದಳು.

ನನಗೆ ನಿದ್ದೆಯಿಲ್ಲವೆಂದು ಅವಳಿಗೆ ಹೇಗೆ ತಿಳಿಯಿತೋ. ಮರುದಿನದಿಂದ ಕಂಡಿಕೆ ಸುತ್ತುವ ಹಳೆಯ ಕೈರಾಟೆಯನ್ನು ನನ್ನ ಕಿಟಕಿಯ ಹೊರಗೆ ತಂದಿಟ್ಟುಕೊಂಡಳು. ಲಾಳಿಯ ಹೊಟ್ಟೆಯಲ್ಲಿ ಕೂರುವ ಚಿಕ್ಕ ನೂಲುಂಡೆಗೆ ಕಂಡಿಕೆ ಅನ್ನುತ್ತಾರೆ. ಮಗ್ಗವೇ ನಿಂತಿರುವಾಗ ಕಂಡಿಕೆ ಯಾರಿಗೆ ಬೇಕು? ಆದರೂ ಮಧ್ಯಾಹ್ನಗಳಲ್ಲಿ ಕೂತು ಗರ್‌ ಗರ್‌ ಎಂದು ತಿರುಗಿಸುತ್ತಿದ್ದಳು. ಆ ಸದ್ದಿಗೆ ಅರ್ಧ ತಾಸು, ಮುಕ್ಕಾಲು ತಾಸು ಕಣ್ಣು ಹತ್ತುತ್ತಿತ್ತು. ಬುಟ್ಟಿ ತುಂಬಿ ಹೋಯಿತು. ಆಕೆ ನಿಲ್ಲಿಸಲಿಲ್ಲ.

ಒಂದು ಸಂಜೆ ಕಿಟಕಿಯ ಹೊರಗೆ ಈರಣ್ಣ ಬಂದು ನಿಂತ. ತಲೆ ಎತ್ತಲಿಲ್ಲ.

"ಭೋಂಗಾಕ್ಕ ಒಗದಿದ್ದೆರಿ ಅಕ್ಕೋರ. ನಿಮಗಲ್ಲ. ಅವರಿಗೂ ಅಲ್ಲ. ಆ ಭೋಂಗಾ ಬಾಯಿ ಮುಚ್ಚಬೇಕು ಅನಸ್ತು. ಕೈ ಕುಡದಿತ್ರಿ."

"ಇದನ್ನ ನನಗ್ಯಾಕ ಹೇಳ್ತಿ? ಅವರಿಗೆ ಹೇಳು."

"ಯಾವ ಬಾಯಿಲೆ ಹೇಳ್ಲಿರಿ?"

ಅವನು ತಲೆ ತಗ್ಗಿಸಿಕೊಂಡೇ ಹೊರಟು ಹೋದ.

ಅದಾಗಿ ಕೆಲವು ದಿನಕ್ಕೆ ಯಮನಪ್ಪನವರ ಫೋನು ಬಂತು. ಕಟ್ಟು ಇನ್ನೂ ಬಿಚ್ಚಿರಲಿಲ್ಲ. "ಒಂದ ಕಣ್ಣು ಭಾಳ ಛಲೋರಿ ಅಕ್ಕೋರ. ಗುಂಪು ಅರ್ಧಾನ ಕಾಣ್ತೈತಿ. ಇಲಾಖೆದಾಗ ಎಲ್ಲಾರಿಗೂ ಒಂದೊಂದ ಮುಚ್ಚಿದ್ರ ರೋಗ ಅರ್ಧಾ ಹೋದಂಗ." ನನಗೆ ನಗಲು ಆಗಲಿಲ್ಲ. ಅಳುವುದು ಕೇಳಿಸಿತೇನೋ, ದನಿ ಬದಲಾಯಿಸಿದರು. "ಡಾಕ್ಟರ್ ಹೇಳ್ಯಾರ, ಹುಬ್ಬಿಂದ ಒಂದ ಬೆರಳ ಕೆಳಗ ಬಿದ್ದಿದ್ರ ಹೋಗ್ತಿತ್ತಂತ. ಬಿದ್ದಿಲ್ಲಲ್ಲ? ಆತು. ಬಿಡ್ರಿ ಇನ್ನ." ಆಮೇಲೆ, "ನಾ ಲಾಠಿ ಬೀಸಿದ್ದು ಆ ಓಣ್ಯಾಗ ಯಾರೂ ಕಂಡಿಲ್ರಿ. ಅದಕ್ಕ ಲಾಠಿ ಅಂದ್ರ ಅವರಿಗೆ ನೆನಪ ಬರಲಿಲ್ಲ. ತಪ್ಪು ನಂದೂ ಐತಿ" ಅಂದರು.

ಓಣಿಯಲ್ಲಿ ಇನ್ನೂ ಕೆಲವರಿಗೆ ಜ್ವರ ಬಂತು, ಇಳಿಯಿತು. ಆಸ್ಪತ್ರೆಗೆ ಒಯ್ದ ಮುದುಕ ತಿರುಗಿ ಬಂದ. ಬಂದವನೇ ಕಟ್ಟೆಯ ಮೇಲೆ ಕೂತು ಬೀಡಿ ಕೇಳಿದ. ಯಾರೂ ಸಾಯಲಿಲ್ಲ. ಈ ಎರಡು ಶಬ್ದವನ್ನು ಬರೆಯುವಾಗ ಈಗಲೂ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ಬೇರೆ ಓಣಿಗಳಿಗೆ, ಬೇರೆ ಊರುಗಳಿಗೆ ಆ ವರ್ಷ ಅದು ಸಿಗಲಿಲ್ಲ. ನಮಗೆ ಸಿಕ್ಕಿತು. ಯಾಕೆಂದು ಕೇಳುವ ಧೈರ್ಯ ನನಗಿಲ್ಲ.

ಬಿದಿರು ಬಿಚ್ಚಿದ ದಿನ ಮುಂಜಾನೆ ಯಮನಪ್ಪ ಬಂದರು. ಎಡಹುಬ್ಬನ್ನು ಎರಡು ಭಾಗ ಮಾಡಿದ ಹೊಲಿಗೆಯ ಗೆರೆ, ಅದರ ಕೆಳಗೆ ಸ್ವಲ್ಪ ಕೆಂಪಾದ, ಆದರೆ ನೋಡುವ ಕಣ್ಣು. ಬಗಲಲ್ಲಿ ಅದೇ ಗೋಣಿಚೀಲ. ಕಟ್ಟೆಯ ಮೇಲೆ ಕೂತು ಹದಿನಾಲ್ಕು ಎಡಗಾಲನ್ನೂ ಸಾಲಾಗಿ ಜೋಡಿಸಿದರು.

"ಬರ್ರಿ, ಒಬ್ಬೊಬ್ಬರ. ಬಲಗಾಲಿಂದು ತಂದು ತೋರಸ್ರಿ. ಮಂದೀ ಮಾಲು, ಜೋಡಿ ನೋಡೇ ಕೊಡಾಂವ ನಾ."

ಮಾರು ಮಾರು ದೂರದಲ್ಲಿ ಗಂಡಸರು ನಿಂತರು. ಎಲ್ಲರ ಕೈಯಲ್ಲಿ ಬಲಗಾಲಿನ ಚಪ್ಪಲಿ. ಯಾರೂ ಜೋಕು ಮಾಡಲಿಲ್ಲ. ಒಬ್ಬೊಬ್ಬರೂ ತೆಗೆದುಕೊಂಡು ಅವರಿಗೆ ಕೈ ಮುಗಿದು ಹೋದರು. ಕೊನೆಗೆ ಒಂದು ಉಳಿಯಿತು. ಈರಣ್ಣ ದೂರದಲ್ಲಿ ಬರಿಗಾಲಿನಲ್ಲಿ ನಿಂತಿದ್ದ.

"ನಿಂದೇನಲೇ ಇದು?"

"ಹೌದ್ರಿ."

"ಬಲಗಾಲಿಂದು ಎಲ್ಲಿ?"

"ಒಗದ ಬಿಟ್ಟೇನ್ರಿ." ಹತ್ತಿರ ಬಂದವನು ಹಾಗೆಯೇ ನೆಲಕ್ಕೆ ಕುಕ್ಕರಿಸಿದ. "ಯಜಮಾನ್ರ, ಆ ಲಾಳಿ..."

"ಹಾರಿ ಬಂತು" ಅಂದರು ಯಮನಪ್ಪ. "ಬರದ ಕೊಟ್ಟೇನಿ. ಸರ್ಕಾರಿ ಕಾಗದ ಅದು, ತಿದ್ದಾಕ ಬರಂಗಿಲ್ಲ." ಎಡಗಾಲಿನ ಚಪ್ಪಲಿಯನ್ನು ಲಾಠಿಯ ತುದಿಯಿಂದ ಅವನ ಮುಂದಿಟ್ಟರು. "ಒಂಟಿ ಕಾಲ ಮೆಟ್ಟಕೊಂಡರ ಹೋಗು. ಮಗ್ಗ ನೋಡು. ನಿಮ್ಮ ಅತ್ತಿ ಯಾವಾಗಿಂದ ಕಾಯಾಕತ್ತಾಳ, ಬೆಲ್ಟ ಜಾರಾಕತ್ತೈತಂತ."

ಈರಣ್ಣ ಎದ್ದು ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಕುಂಟುತ್ತ ಹೋದ. ಆಗ ನಾನು ನಕ್ಕೆ, ದಾನವ್ವ ನಕ್ಕಳು, ಯಮನಪ್ಪ ಹುಬ್ಬು ಹಿಡಿದುಕೊಂಡು ನಕ್ಕರು. ನಕ್ಕರೆ ಹೊಲಿಗೆ ಎಳೆಯುತ್ತಿತ್ತಂತೆ.

ಅವರು ಈಗ ನಿವೃತ್ತರಾಗಿ ಸಾವಳಗಿಯಲ್ಲಿದ್ದಾರೆ. ಆ ಗೆರೆಯ ಮೇಲೆ ಹುಬ್ಬಿನ ಕೂದಲು ಮತ್ತೆ ಬೆಳೆಯಲಿಲ್ಲ. ಕಳೆದ ವಾರ ಸೀರೆಯ ವಾಸನೆ ಬಂದ ದಿನ ಫೋನು ಮಾಡಿದೆ. ಏನು ಕಾರಣವೆಂದು ಹೇಳಲಿಲ್ಲ. "ಅಕ್ಕೋರ, ಇನ್ನೂ ಹಾರಿ ಬರ್ತೈತೇನ್ರಿ?" ಅಂದರು. ಬರುತ್ತದೆ ಅಂದೆ. "ನನಗೂ ಬರ್ತೈತಿ. ಬರ್ಲಿ ಬಿಡ್ರಿ, ಅಡ್ಡ ನಿಂದರಾಕ ನಾ ಅದೇನಿ" ಅಂದು ಇಟ್ಟರು.

ಚಪ್ಪಲಿ ಹಂಚಿದ ಆ ದಿನ ಇಳಿಹೊತ್ತಿನಲ್ಲಿ ಈರಣ್ಣ ಬೆಲ್ಟು ಸರಿಮಾಡಿದ. ದಾನವ್ವ ನನ್ನ ಕಿಟಕಿಯ ಹೊರಗೆ ಸುತ್ತಿಟ್ಟಿದ್ದ ಕಂಡಿಕೆಗಳ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹಸಿರು ಗೀಟಿನ ಲಾಳಿಗೆ ಒಂದು ಹಾಕಿ, ಮಗ್ಗಕ್ಕೆ ಕೈ ಮುಗಿದು, ಗುಂಡಿ ಒತ್ತಿದಳು. ನಾನು ಊಟ ಮಾಡಿ, ಸುಮ್ಮನೆ ಒಂದು ಗಳಿಗೆ ಎಂದು ಗೋಡೆಗೆ ಬೆನ್ನು ಹಚ್ಚಿ ಮಲಗಿದೆ.

ಮತ್ತೆ ಕಣ್ಣು ಬಿಟ್ಟಾಗ ಮರುದಿನದ ಬಿಸಿಲು ಕಿಟಕಿ ದಾಟಿ ಹಾಸಿಗೆಯ ಮೇಲೆ ಬಂದಿತ್ತು. ಬಾಗಿಲು ತೆರೆದರೆ ದಾನವ್ವ ಗಾಬರಿಯಾಗಿ ನಿಂತಿದ್ದಾಳೆ, ಕೈಯಲ್ಲಿ ಆರಿದ ಚಹಾ.

"ಎಷ್ಟ ಬಡೀಲಿ ಬಾಗಲಾ! ನಾಕ ಸರ್ತಿ ಬಂದ ಹೋದೆ. ಕೇಳಿಸಲಿಲ್ಲೇನ ನಿನಗ?"

ಕೇಳಿಸಿರಲಿಲ್ಲ. ಗೋಡೆಯಾಚೆ ನಾಲ್ಕೂ ಮಗ್ಗ ನಡೆದಿದ್ದವು.